ಗುರುಲಿಂಗಮ್ಮನ ಗಿರಣಿಗೆ ಕರೆಂಟಿನ ತೂಬು

ಕೆಂಪಗುಡ್ಡದ ಗುರುಲಿಂಗಮ್ಮನ ವಯಸ್ಸು ನಲವತ್ತರ ಆಸುಪಾಸು. ಆದರೆ ಅವಳ ರೆಪ್ಪೆ, ಹುಬ್ಬು, ಕಿವಿಯ ಹಿಂದಿನ ಕೂದಲು ಎಲ್ಲ ಬೆಳ್ಳಗೆ. ಸ್ನಾನ ಮಾಡಿ ಬಂದ ಒಂದು ಗಳಿಗೆ ಕಪ್ಪಗೆ ಕಾಣುವಳು, ಗಿರಣಿಯ ಬಾಗಿಲು ತೆರೆದಳೋ ಮತ್ತೆ ಜೋಳದ ಹಿಟ್ಟು ಮೈಯೇರಿ ಕೂರುವುದು. ಸುರಪುರದಿಂದ ದೇವಾಪುರದ ಕಡೆಗೆ ಹೋಗುವ ಬಸ್ಸಿನಲ್ಲಿ ಕಾಲುವೆ ದಾಟಿ ಇಳಿದು, ಕೆಂಪಗುಡ್ಡ ಎಲ್ಲಿ ಅಂತ ಯಾರನ್ನಾದರೂ ಕೇಳಿ, ಊರು ತೋರಿಸುವ ಬದಲು ಗುರುಲಿಂಗಮ್ಮನ ಗಿರಣಿಯನ್ನೇ ತೋರಿಸುವರು.

ಅವಳು ಹುಟ್ಟಿದ್ದು ಗುರುಮಠಕಲ್ ಕಡೆ, ಕುರಿ ಕಾಯುವವರ ಮನೆಯಲ್ಲಿ. ಸೇರು ಎಣಿಸುವಾಗ ಈಗಲೂ ಬಾಯಲ್ಲಿ ತೆಲುಗೇ ಬರುತ್ತದೆ. ಮದುವೆಯಾಗಿ ಬಂದ ಮನೆಯೂ ಕುರಿಯವರದೇ. ಆದರೆ ಗಂಡ ದೇವಿಂದ್ರಪ್ಪನಿಗೆ ಕುರಿಗಿಂತ ಇಂಜಿನ್ನಿನ ಮೇಲೆ ಪ್ರೀತಿ. ಕಾಲುವೆ ತೋಡುವ ಕಾಲದಲ್ಲಿ ಅವನು ಮಣ್ಣು ಬಗೆಯುವ ಮಷೀನುಗಳ ಮೇಸ್ತ್ರಿಯ ಕೈಕೆಳಗಿದ್ದ. ತೋಡುವುದು ಮುಗಿದು ಮಷೀನುಗಳು ಹೋದವು, ಕಾಲುವೆಗೆ ನೀರು ಬಂತು, ದೇವಿಂದ್ರಪ್ಪ ಹಳೆಯ ಡೀಸೆಲ್ ಇಂಜಿನ್ನೊಂದನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ಬಂದು ಗಿರಣಿ ಹಾಕಿದ. ಹೊಗೆ ಕೊಳವೆಯ ಬಾಯಿಗೆ ಒಂದು ಎಣ್ಣೆ ಡಬ್ಬಿ ಬೋರಲು ಹಾಕಿದ್ದ. ಇಂಜಿನ್ ಹತ್ತಿತೆಂದರೆ ಕುಕ್ ಕುಕ್ ಎಂದು ಅದು ಸುತ್ತಲಿನ ಊರುಗಳಿಗೆಲ್ಲ ಸುದ್ದಿ ಮುಟ್ಟಿಸುತ್ತಿತ್ತು.

ಕಾಮಾಲೆಯಾಗಿ ದೇವಿಂದ್ರಪ್ಪ ತೀರಿಕೊಂಡಾಗ ಊರವರು ಗಿರಣಿ ಮುಚ್ಚಿತೆಂದೇ ತಿಳಿದರು. ದಿನಕರ್ಮ ಮುಗಿದ ಮರುದಿನ ಹೆಣ್ಣುಮಕ್ಕಳು ಜೋಳದ ಬುಟ್ಟಿ ಹೊತ್ತು ದೂರದ ಊರಿಗೆ ಹೊರಟಿದ್ದರು. ಆಗ ಕುಕ್ ಕುಕ್ ಸಪ್ಪಳ ಕೇಳಿ ಬುಟ್ಟಿ ಹೊತ್ತವರು ಅಲ್ಲಿಂದಲೇ ಹಿಂದಕ್ಕೆ ತಿರುಗಿದರು. ಬಂದು ನೋಡಿದರೆ ಗುರುಲಿಂಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೆಲ್ಟಿಗೆ ಮೇಣ ಹಚ್ಚುತ್ತ ನಿಂತಿದ್ದಳು. ಅಂದಿನಿಂದ ಗಿರಣಿಗೆ ಅವಳದೇ ಕಾನೂನು. ಮೆಣಸಿನಕಾಯಿ ಬೀಸುವುದು ಸಂಜೆ ಕಡೆಗೆ ಮಾತ್ರ. ಸರತಿ ಬಿಟ್ಟು ಯಾರೂ ಮುಂದೆ ಬರುವಂತಿಲ್ಲ, ಗೌಡರ ಮನೆಯವರೂ ಕೂಡ. ಹೆರಿಗೆಯಾದ ಮನೆ, ಸಾವಾದ ಮನೆ, ಇವೆರಡರ ಬುಟ್ಟಿಗೆ ಮಾತ್ರ ಸರತಿ ಇಲ್ಲ.

ಇಂಜಿನ್ನಿಗೂ ಆಯುಷ್ಯ ಅಂತ ಇರುತ್ತದಲ್ಲ. ಅದು ಕೈಕೊಟ್ಟ ಮೇಲೆ ಗುರುಲಿಂಗಮ್ಮ ಕರೆಂಟಿನ ಮೋಟಾರು ಕೂರಿಸಿದಳು. ಅಲ್ಲಿಂದ ಅವಳ ನಿದ್ದೆ ಕೆಟ್ಟಿತು. ಊರಿಗೆ ಕರೆಂಟು ಬರುತ್ತಿದ್ದುದು ಎಲ್ಲೋ ದೂರದಿಂದ, ದಾರಿಯುದ್ದಕ್ಕೂ ಹಳ್ಳಿ ಹಳ್ಳಿಗೆ ಹಂಚಿಕೊಳ್ಳುತ್ತ. ಕೊನೆಯ ಊರಾದ ಕೆಂಪಗುಡ್ಡಕ್ಕೆ ತಲುಪುವ ಹೊತ್ತಿಗೆ ಬಲ್ಬಿನೊಳಗಿನ ತಂತಿ ಬೀಡಿಯ ಕೆಂಡದಷ್ಟು ಕೆಂಪಗಾದರೆ ಅದೇ ಹೆಚ್ಚು. ಅದರ ಮೇಲೆ ಕಾಲುವೆ ನೀರು ಏರದ ಹೊಲದವರೆಲ್ಲ ಪಂಪು ಇಟ್ಟಿದ್ದರು. ಒಬ್ಬೊಬ್ಬರ ಪಂಪಿಗೂ ಒಂದು ಆಟೋ ಸ್ಟಾರ್ಟರು. ಕರೆಂಟು ಬಂದ ಕೂಡಲೇ ಯಾರೂ ಮುಟ್ಟದೆ ಪಂಪು ತಾನೇ ಶುರುವಾಗುವ ಡಬ್ಬಿ ಅದು. ಕರೆಂಟು ಬಂದ ಗಳಿಗೆಗೆ ಊರಿನ ಪಂಪುಗಳೆಲ್ಲ ಒಟ್ಟಿಗೇ ಹೂಂಕರಿಸುವವು, ಊರ ಮುಂದಿನ ಟಿಸಿ, ಅಂದರೆ ಕಂಬದ ಮೇಲಿನ ಆ ದೊಡ್ಡ ಡಬ್ಬಿ, ಢಂ ಅನ್ನುವುದು. ಇನ್ನೊಂದು ಟಿಸಿ ಬರುವ ತನಕ ಊರು ಕತ್ತಲು, ಗಿರಣಿ ಮೂಕ. ಪಂಚಾಯಿತಿ ಕಟ್ಟೆಯ ಮೇಲೆ ಕೂತು ಎಲ್ಲರೂ ಆಟೋ ಸ್ಟಾರ್ಟರು ತೆಗೆಯೋಣವೆಂದು ಆಣೆ ಮಾಡಿದ್ದೂ ಆಯಿತು. ಬೇರೆಯವರು ತೆಗೆದಾರು, ನನ್ನದೊಂದಿದ್ದರೆ ಏನಾದೀತು ಎಂದು ಪ್ರತಿಯೊಬ್ಬನೂ ತನ್ನದನ್ನು ಹಾಗೇ ಬಿಟ್ಟ.

ಕರೆಂಟಿನ ಬಲ ಸಾಲದೆ ಗಿರಣಿಯ ಮೋಟಾರು ಸುಟ್ಟು, ಶಹಾಪುರಕ್ಕೆ ಹೊತ್ತೊಯ್ದು ತಂತಿ ಸುತ್ತಿಸಿಕೊಂಡು ಬಂದಿದ್ದಳು. ಮತ್ತೆ ಸುಟ್ಟಿತು, ಮತ್ತೆ ಸುತ್ತಿಸಿದಳು. ಆಗ ರಿಪೇರಿಯವನು ಕೈ ಮುಗಿದು, ಅವ್ವಾ ಇನ್ನೊಮ್ಮೆ ಸುಟ್ಟರೆ ಇದನ್ನು ತರಬೇಡ, ನನ್ನ ಕೈಲಿ ಆಗದು ಎಂದುಬಿಟ್ಟ. ಗಿರಣಿ ನಿಂತರೆ ಗುರುಲಿಂಗಮ್ಮನಿಗೆ ತೌರಿನ ದಾರಿಯೊಂದೇ. ಅಣ್ಣಂದಿರ ಮನೆಯ ಅಂಗಳದಲ್ಲಿ ಅತ್ತಿಗೆಯರ ಮುಖ ನೋಡುತ್ತ ಕೂಡುವುದನ್ನು ನೆನೆದರೆ ಅವಳಿಗೆ ಹಿಟ್ಟಿನ ಧೂಳೇ ಬಂಗಾರ ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಲೈನ್‌ಮನ್ ಲಾಡ್ಲೇಸಾಬ ಗಿರಣಿಗೆ ಬಂದ. ಪಕ್ಕದ ಊರಿನವನೇ, ಖಾಕಿ ಅಂಗಿ, ಹೆಗಲಿಗೆ ಹಗ್ಗ. ಕಂಬ ಹತ್ತಿ ಇಳಿದು ಸುಸ್ತಾದಾಗಲೆಲ್ಲ ಗುರುಲಿಂಗಮ್ಮನ ಕೊಡದ ನೀರು ಕುಡಿಯುವುದು ಅವನ ರೂಢಿ. ಅಂದು ನೀರು ಕುಡಿದು, ಈ ಭಾಗಕ್ಕೆ ಒಂದು ಸಬ್‌ಸ್ಟೇಷನ್ ಮಂಜೂರಾಗಿದೆ ಅಂದ. ಅದೇನು ಅಂತ ಅವಳು ಕೇಳಿದಳು.

"ಅಕ್ಕಾ, ಗುಡ್ಡದ ಮ್ಯಾಲ ದೊಡ್ಡ ಕಂಬದ ಲೈನ್ ಹೋಗ್ಯಾದಲ್ಲ, ಅದು ಮುಖ್ಯ ಕಾಲುವಿ ಇದ್ದಂಗ. ಕರೆಂಟು ನಮ್ಮ ತಲಿ ಮ್ಯಾಲ ಹಾದು ಬ್ಯಾರೆ ಊರಿಗಿ ಹೋಗ್ತದ, ನಮಗ ಕುಡಿಯಾಕ ಬಾಯಿಲ್ಲ. ಮುಖ್ಯ ಕಾಲುವಿಗಿ ಬಾಯಿ ಹಚ್ಚಿ ನೀರು ಕುಡಿಯಾಕ ಆಗ್ತದೇನು? ತೂಬು ಬೇಕು. ಸಬ್‌ಸ್ಟೇಷನ್ ಅಂದ್ರ ಕರೆಂಟಿನ ತೂಬು, ತಿಳ್ಕೋ. ಡ್ಯಾಮ್ ಕಟ್ಟಿದ್ರು, ಕಾಲುವಿ ತೋಡಿದ್ರು. ನೀರು ಬಂದ್ಮ್ಯಾಲ ಪಂಪೂ ಬರ್ತಾವ ಅಂಬೋದು ಯಾರ ಖಯಾಲಿಗೂ ಬರ್ಲಿಲ್ಲ. ತಂತಿ ಮಾತ್ರ ಇನ್ನಾ ನಮ್ಮಪ್ಪನ ಕಾಲದ್ದು."

ಅದಕ್ಕೆ ಜಾಗ ಬೇಕಿತ್ತು. ದೊಡ್ಡ ಲೈನಿಗೆ ಹತ್ತಿರ ಇರಬೇಕು, ರಸ್ತೆಗೆ ಹತ್ತಿರ ಇರಬೇಕು, ಕಾಲುವೆಯ ತೇವ ತಾಕಬಾರದು. ಜೀಪಿನಲ್ಲಿ ಬಂದ ಸಾಹೇಬರು ಲಾಡ್ಲೇಸಾಬನ ಕೈಯಲ್ಲಿ ಟೇಪು ಹಿಡಿಸಿ ಅಳತೆ ಮಾಡಿ ನೋಡಿ ಹೋದದ್ದು ಗುರುಲಿಂಗಮ್ಮನ ಮನೆತನದ ಮೇಲಿನ ಹೊಲ. ನೀರು ಏರದ ಕಲ್ಲು ನೆಲ, ಕುರಿ ಹಟ್ಟಿ ಹಾಕುವ ಜಾಗ. ಆದರೆ ಆ ಹೊಲ ಪಾಲಾಗಿರಲಿಲ್ಲ. ದೇವಿಂದ್ರಪ್ಪನ ಅಣ್ಣ ಬೀರಣ್ಣನೂ ಹೂಂ ಅನ್ನಬೇಕು. ಬರುವ ಸೋಮವಾರದೊಳಗೆ ಇಬ್ಬರೂ ಒಪ್ಪದಿದ್ದರೆ ಸಬ್‌ಸ್ಟೇಷನ್ ಬೇರೆ ಊರಿಗೆ ಹೋಗುತ್ತದೆಂದು ಸಾಹೇಬರು ಖಡಕ್ಕಾಗಿ ಹೇಳಿದ್ದರು.

ಇಲ್ಲೇ ಗಂಟು ಬಿದ್ದದ್ದು. ಆ ಮನೆತನದಲ್ಲಿ ತಮ್ಮನ ಹೆಂಡತಿ ಭಾವನೆದುರು ಬಾಯಿ ತೆರೆಯುವ ಪದ್ಧತಿ ಇಲ್ಲ. ಸೊಸೆಯಾಗಿ ಬಂದ ದಿನದಿಂದ ಗುರುಲಿಂಗಮ್ಮ ಬೀರಣ್ಣನೊಡನೆ ಒಂದು ಮಾತೂ ನೇರವಾಗಿ ಆಡಿರಲಿಲ್ಲ. ಹೇಳುವುದೇನಿದ್ದರೂ ಬೀರಣ್ಣನ ಹೆಂಡತಿ ರೇಣಮ್ಮನ ಬಾಯಿಂದ ಹೋಗಬೇಕು, ಉತ್ತರವೂ ಆ ದಾರಿಯಿಂದಲೇ ಬರಬೇಕು. ರೇಣಮ್ಮ ಒಳ್ಳೆಯವಳು, ಆದರೆ ಮಾತಿಗೆ ಕತ್ತರಿ ಹಾಕುವ ಕೈ ಅವಳದು. ಹತ್ತು ಮಾತು ಕೊಟ್ಟರೆ ಎರಡು ಮುಟ್ಟಿಸುವಳು. ಉಳಿದ ಎಂಟು ದಾರಿಯಲ್ಲಿ ಉದುರಿದವು ಅಂದುಕೊಳ್ಳಬೇಕು.

ಜೀಪು ಬಂದು ಹೋದ ದಿನ ಗುರುಲಿಂಗಮ್ಮ ರೇಣಮ್ಮನ ಮುಂದೆ ಎಲ್ಲ ಬಿಡಿಸಿ ಹೇಳಿ ಕಳಿಸಿದಳು. ಸಂಜೆ ಉತ್ತರ ಬಂತು: ಆಗಂಗಿಲ್ಲಂತ. ಯಾಕೆಂದು ಕೇಳಿ ಬಾ ಎಂದಳು. ಸುಮ್ಮನಿರು ಅಂದಾನ ಎಂದು ರೇಣಮ್ಮ ಬಂದಳು. ಮರುದಿನ ನೋಡಿದರೆ ಬೀರಣ್ಣ ಕುರಿ ಹೊಡೆದುಕೊಂಡು ಹತ್ತಿಕುಣಿಯ ಕೆರೆಯಂಗಳಕ್ಕೆ ಹೋಗಿಯಾಗಿತ್ತು. ಬೇಸಿಗೆಯಲ್ಲಿ ಅವನು ಅಲ್ಲಿಗೆ ಹೋಗುವುದು ಹೌದು, ಆದರೆ ಈ ಸಲ ಹೋದದ್ದು ತೀರಾ ಮುಂಚೆ. ಓಡಿ ಹೋದವನ ಹಾಗೆ ಹೋಗಿದ್ದ.

ಗುರುಲಿಂಗಮ್ಮನಿಗೆ ಸಿಟ್ಟೂ ಬಂತು, ಅಳುವೂ ಬಂತು. ತಮ್ಮ ಸತ್ತ ಮೇಲೆ ತಮ್ಮನ ಹೆಂಡತಿಯ ಗಿರಣಿ ಇವರ ಕಣ್ಣಿಗೆ ಚುಚ್ಚುತ್ತಿದೆ, ಅದಕ್ಕೇ ಹೀಗೆ ಎಂದುಕೊಂಡಳು. ಅಂದುಕೊಂಡದ್ದನ್ನು ರೇಣಮ್ಮನ ಮುಂದೆ ಅಂದೂಬಿಟ್ಟಳು. ರೇಣಮ್ಮ ಸೊಂಟಕ್ಕೆ ಕೈ ಇಟ್ಟು, ನನ್ನ ಗಂಡ ಕುರಿಯಂಥಾ ಮನುಷ್ಯ, ಅವನ ಹೊಟ್ಟೆಯಲ್ಲಿ ಹುಲ್ಲು ಬಿಟ್ಟರೆ ಬೇರೇನೂ ಇಲ್ಲ, ಬೇಕಾದರೆ ನಡೆ, ಅವನೆದುರೇ ಕೇಳೋಣ ಎಂದು ಸವಾಲು ಹಾಕಿದಳು. ಶನಿವಾರ ಬೆಳಿಗ್ಗೆ ಇಬ್ಬರೂ ರೊಟ್ಟಿ ಕಟ್ಟಿಕೊಂಡು ಬಸ್ಸು ಹತ್ತಿದರು.

ಸುರಪುರ, ಶಹಾಪುರ, ಆಮೇಲೆ ಭೀಮೆಯ ಸೇತುವೆ ದಾಟಿ ಯಾದಗಿರಿ. ದಾರಿಯುದ್ದಕ್ಕೂ ರೇಣಮ್ಮ ನಿದ್ದೆ ಮಾಡಿದಳು, ಗುರುಲಿಂಗಮ್ಮ ಕಿಟಕಿಯಿಂದ ಕಂಬಗಳನ್ನೇ ನೋಡಿದಳು. ಯಾವ ಊರಿಗೆ ದಪ್ಪ ತಂತಿ, ಯಾವ ಊರಿಗೆ ಸಣ್ಣ ತಂತಿ ಎಂದು ನೋಡುತ್ತ, ಊಟಕ್ಕೆ ಕೂತ ಪಂಕ್ತಿಯಲ್ಲಿ ಬೇರೆಯವರ ಎಲೆ ನೋಡಿದ ಹಾಗೆ ಸಂಕಟಪಟ್ಟಳು. ಯಾದಗಿರಿಯಲ್ಲಿ ಇಳಿದು ಹತ್ತಿಕುಣಿಯ ಬಸ್ಸು ಹಿಡಿದರು.

ಕೆರೆಯ ನೀರು ಹಿಂದೆ ಸರಿದು ಅಂಗಳದಲ್ಲಿ ಹಸಿರು ಹುಲ್ಲು ಎದ್ದಿತ್ತು. ಬೀರಣ್ಣ ಬೇವಿನ ಗಿಡದ ಕೆಳಗೆ ಕೂತು ಒಂದು ಮರಿಯ ಕಾಲಿನ ಮುಳ್ಳು ತೆಗೆಯುತ್ತಿದ್ದ. ಹೆಂಡತಿಯನ್ನು ಕಂಡು ಅವನ ಮುಖ ಅರಳಿತು, ಅವಳ ಹಿಂದೆ ತಮ್ಮನ ಹೆಂಡತಿಯನ್ನು ಕಂಡು ಬಾಡಿತು. ಎದ್ದು, ಅತ್ತ ಮುಖ ಮಾಡಿ, ಮತ್ತೆ ಕೂತ. ಗುರುಲಿಂಗಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಗಿಡದ ಆಚೆ ಬದಿಗೆ ಕೂತಳು. ಅವರಿಬ್ಬರ ನಡುವೆ ರೇಣಮ್ಮ ಕಾಲು ಚಾಚಿದಳು. ದನಿ ಎತ್ತಿದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವಷ್ಟೇ ದೂರ, ಆದರೂ ಪದ್ಧತಿ ಪದ್ಧತಿಯೇ.

"ಅಕ್ಕಾ," ಎಂದು ಗುರುಲಿಂಗಮ್ಮ ಸಣ್ಣ ದನಿಯಲ್ಲಿ ಗಿಡದ ಬೊಡ್ಡೆಗೆ ಹೇಳಿದಳು, "ಕರೆಂಟಿನ ಸಬ್‌ಸ್ಟೇಷನ್ನಿಗಿ ಮ್ಯಾಲಿನ ಹೊಲ ಕೊಡೋಣೇನು ಅಂತ ಕೇಳು. ಸೋಮವಾರ ಸಾಹೇಬ್ರು ಬರ್ತಾರ. ಭಾವಾರ ಹೂಂ ಅಂದ್ರ ನನ್ನ ಗಿರಣಿ ಉಳೀತದ, ಊರಿಗೂ ಕರೆಂಟು ಆಗ್ತದ."

ರೇಣಮ್ಮ ಗಂಡನ ಕಡೆ ತಿರುಗಿ, "ಸಬ್‌ಟೇಶನ್ನಿಗಿ ಹೊಲ ಕೊಡು ಅಂತಾಳ. ಸೋಮವಾರ ಸಾಹೇಬ ಬರ್ತಾನಂತ. ಹೂಂ ಅಂತಿಯೋ ಇಲ್ಲೋ?" ಎಂದಳು.

ಗುರುಲಿಂಗಮ್ಮ ದಿಗ್ಗನೆ ತಲೆ ಎತ್ತಿದಳು. ಕರೆಂಟು ಎಲ್ಲಿ ಹೋಯಿತು? ಗಿರಣಿ ಎಲ್ಲಿ ಹೋಯಿತು? ತನ್ನ ಮಾತು ಎರಡು ಮೊಳ ದಾಟುವಷ್ಟರಲ್ಲಿ ಹೀಗೆ ಬೋಳಾದರೆ, ಇಷ್ಟು ವರ್ಷ ಮನೆಯಿಂದ ಮನೆಗೆ ಹೋದ ಮಾತುಗಳ ಗತಿಯೇನಾಗಿರಬೇಕು! ಅಷ್ಟರಲ್ಲಿ ಬೀರಣ್ಣನ ದನಿ ಬಂತು. ಸಿಟ್ಟಿನ ದನಿಯಲ್ಲ ಅದು, ನಡುಗುವ ದನಿ.

"ನಮ್ಮಪ್ಪನ ಹೊಲದಾಗ ಸಬ್‌ಇನ್ಸ್‌ಪೆಕ್ಟರ್‌ಗ ಕುರ್ಚಿ ಹಾಕಿ ಕೂಡ್ಸು ಅಂತಾಳೇನು? ಆಕಿಗಿ ಹೇಳು ರೇಣಿ, ನಾ ಸತ್ತ ಮ್ಯಾಲ ಬೇಕಾದ್ದು ಮಾಡ್ಕೊಳ್ಳಿ. ನಾ ಇರೂತನ ಪೋಲೀಸರಿಗಿ ಗೇಣು ಜಾಗ ಕೊಡಂಗಿಲ್ಲ."

ಗುರುಲಿಂಗಮ್ಮನಿಗೆ ಒಂದು ಹಳೆಯ ಸಂಗತಿ ನೆನಪಾಯಿತು. ಕಾಲುವೆಗೆ ನೀರು ಬಿಟ್ಟ ಮೊದಲ ವರ್ಷ ಯಾರೋ ರಾತ್ರಿ ತೂಬು ಎತ್ತಿ ಹೊಲಕ್ಕೆ ನೀರು ಹಾಯಿಸಿಕೊಂಡಿದ್ದರು. ಬೆಳಿಗ್ಗೆ ಅಲ್ಲಿ ಕುರಿಗೆ ನೀರು ಕುಡಿಸುತ್ತಿದ್ದವನು ಬೀರಣ್ಣ. ಕಾವಲಿನವರು ಅವನನ್ನೇ ಹಿಡಿದುಕೊಟ್ಟರು. ಸಬ್‌ಇನ್ಸ್‌ಪೆಕ್ಟರು ಅವನನ್ನು ಠಾಣೆಯ ಬೆಂಚಿನ ಮೇಲೆ ಸಂಜೆತನಕ ಕೂರಿಸಿ, ತಪ್ಪು ನಿನ್ನದಲ್ಲ ಎಂದು ಚಹಾ ಕುಡಿಸಿ ಕಳಿಸಿದ. ಊರು ನಕ್ಕು ಮರೆಯಿತು. ಬೀರಣ್ಣ ಮಾತ್ರ ಅಂದಿನಿಂದ ಖಾಕಿ ಬಟ್ಟೆ ಕಂಡರೆ ಹಾದಿ ಬದಲಿಸುವ. ಅಂಚೆಯವ ಬಂದರೂ ಹಟ್ಟಿಯ ಹಿಂದೆ ಸರಿಯುವ.

ಎಲ್ಲ ಒಮ್ಮೆಲೇ ತಿಳಿಯಿತು. ಜೀಪು, ಖಾಕಿ ಅಂಗಿ, ಸಾಹೇಬ, ಮೇಲೆ ಆ ಸಬ್ ಎಂಬ ಮಾತು. ಸೆರಗು ತಲೆಯ ಮೇಲಿಂದ ಜಾರಿದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಗಿಡದ ಈಚೆಗೆ ಬಂದು ನಿಂತು ಕೇಳಿಯೇಬಿಟ್ಟಳು:

"ಭಾವಾರ, ಯಾವ ಸಬ್‌ಇನ್ಸ್‌ಪೆಕ್ಟರ್?"

ರೇಣಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಬೀರಣ್ಣ ಮರಿಯ ಕಾಲು ಬಿಟ್ಟ. ಅದು ಕುಂಟುತ್ತ ಹೋಯಿತು. ಅವನು ಹೆಂಡತಿಯ ಕಡೆಗೆ ಮುಖ ಮಾಡಿಯೇ, "ಸಬ್ ಅಂದ್ರ ಅವನೇ ಅಲ್ಲೇನು? ನನಗ ಗೊತ್ತಿರೋ ಸಬ್ ಅವನೊಬ್ಬನೇ," ಎಂದ.

"ಅಲ್ರಿ ಭಾವಾರ. ಪೋಲೀಸರದ್ದಲ್ಲ ಅದು, ಕರೆಂಟಿಂದು. ಹೆಂಗ ಹೇಳ್ಲಿ... ಕರೆಂಟಿನ ತೂಬು ಇದ್ದಂಗ."

ಬೀರಣ್ಣ ಎದ್ದೇ ನಿಂತ. "ತೂಬು ಅಂದ್ಳೇನು? ರೇಣಿ, ತೂಬಿನ ಸಲುವಾಗೇ ನನ್ನ ಅಲ್ಲಿಗಿ ಒಯ್ದಿದ್ದು."

ರೇಣಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ನಕ್ಕು ನಕ್ಕು ಹುಲ್ಲಿನ ಮೇಲೆ ಒರಗಿದಳು. ಅವಳ ನಗು ಕಂಡು ಗುರುಲಿಂಗಮ್ಮನಿಗೂ ನಗು ಬಂತು. ಎಷ್ಟು ದಿನದಿಂದ ಎದೆಯ ಮೇಲೆ ಬೀಸುವ ಕಲ್ಲು ಹೊತ್ತಿದ್ದಳೋ, ಅದು ಉರುಳಿ ಹೋದ ಹಾಗಾಯಿತು. ಭಾವನಿಗೆ ತನ್ನ ಮೇಲೆ ದ್ವೇಷವಿರಲಿಲ್ಲ. ಹೆದರಿಕೆ ಇತ್ತು, ಅಷ್ಟೇ. ಹೆದರಿಕೆಯನ್ನಾದರೆ ಹೇಗೋ ಬಿಡಿಸಬಹುದು.

ಕೆಳಗೆ ಕೂತು, ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ಇದು ಗುಡ್ಡದ ಮೇಲಿನ ದೊಡ್ಡ ಲೈನು, ಇದು ನಮ್ಮ ಊರು, ನಡುವೆ ತಂತಿಬೇಲಿಯೊಳಗೆ ನಾಕಾರು ದೊಡ್ಡ ಡಬ್ಬಿಗಳು ಕೂಡುತ್ತವೆ. ಅವು ಲೈನಿನ ಸೊಕ್ಕು ಇಳಿಸಿ ಊರಿಗೆ ಬೇಕಾದಷ್ಟು ಕರೆಂಟು ಬಿಡುತ್ತವೆ. ಬೀರಣ್ಣ ಗೆರೆಗಳನ್ನು ನೋಡಿದ. ಹೆಂಡತಿಯ ಕಡೆ ತಿರುಗುವುದನ್ನು ಮರೆತು ಒಂದೊಂದಾಗಿ ಕೇಳಿದ. ರಾತ್ರಿ ಯಾರಾದರೂ ಇದನ್ನು ಎತ್ತಿದರೆ ಯಾರನ್ನು ಹಿಡಿಯುತ್ತಾರೆ? ಎತ್ತಲು ಬರುವುದಿಲ್ಲ, ಬೀಗ ಇರುತ್ತದೆ. ಬೆಂಚು ಇರುತ್ತದೇನು? ಇದ್ದರೂ ಕಾವಲಿನವನಿಗೆ.

"ಮತ್ತ ಆ ಖಾಕಿ ಅಂಗಿಯವ ಟೇಪು ಹಿಡ್ದು ಅಳತಿ ಮಾಡಾಕತ್ತಿದ್ದ?"

"ಅವ ನಮ್ಮ ಲೈನ್‌ಮನ್ ಲಾಡ್ಲೇಸಾಬ್ರಿ. ಅವನ ಮದುವ್ಯಾಗ ನೀವು ಉಂಡು ಬಂದೀರಿ."

"ಖಾಕಿ ಕಂಡ್ಮ್ಯಾಲ ನಾ ಮಾರಿ ನೋಡಂಗಿಲ್ಲವ್ವ," ಎಂದ ಬೀರಣ್ಣ. ತಮ್ಮನ ಹೆಂಡತಿಯ ಮುಖ ನೋಡಿ ಅವನು ಆಡಿದ ಮೊದಲ ಮಾತು ಅದು.

ಆಮೇಲೆ ಅವನು ಗಡ್ಡ ಕೆರೆದುಕೊಂಡು ಒಂದು ಷರತ್ತು ಹಾಕಿದ. ಮೇಲಿನ ಹೊಲದ ಮೂಡಣ ಮೂಲೆಯ ಹಾಸುಬಂಡೆ ಬೇಲಿಯ ಹೊರಗೆ ಉಳಿಯಬೇಕು. ಮಳೆಗಾಲದಲ್ಲಿ ಕುರಿಗಳ ಗೊರಸು ಕೊಳೆಯದಂತೆ ನಿಲ್ಲಿಸಲು ಊರಿನಲ್ಲಿ ಅದೊಂದೇ ಒಣ ಜಾಗ. ಅದಕ್ಕೆ ಅಡ್ಡಿಯಿಲ್ಲವೆಂದು ಗುರುಲಿಂಗಮ್ಮ ಹೇಳಿದಳು. ಸಾಹೇಬರ ಅಳತೆ ಬಂಡೆಯ ಈಚೆಗೇ ನಿಂತದ್ದನ್ನು ಅವಳೇ ನೋಡಿದ್ದಳು. ಬೀರಣ್ಣ ಹೂಂ ಅಂದ. ಅಂದು, ಬುತ್ತಿ ಬಿಚ್ಚು ರೇಣಿ, ಈಗ ಹಸಿವೆ ಆಗುತ್ತಿದೆ ಎಂದ. ಜೀಪು ಬಂದ ದಿನದಿಂದ ಗಂಡ ಅರೆಹೊಟ್ಟೆ ಉಣ್ಣುತ್ತಿದ್ದದ್ದು ರೇಣಮ್ಮನಿಗೆ ಗೊತ್ತಿತ್ತು, ಯಾಕೆಂದು ಮಾತ್ರ ಗೊತ್ತಿರಲಿಲ್ಲ. ಅಂದು ಅವನು ರೊಟ್ಟಿಯ ಮೇಲೆ ರೊಟ್ಟಿ ಮುರಿದದ್ದನ್ನು ಇಬ್ಬರೂ ಹೆಂಗಸರು ನೋಡಿದರು.

ಸೋಮವಾರ ಸಾಹೇಬರು ಬಂದರು. ಬೀರಣ್ಣ ಹೊಸ ಧೋತರ ಉಟ್ಟು ನಿಂತಿದ್ದ. ಲಾಡ್ಲೇಸಾಬ ಅವತ್ತು ಬೇಕೆಂದೇ ಬಿಳಿ ಅಂಗಿ ಹಾಕಿಕೊಂಡು ಬಂದು, "ಬೀರಣ್ಣಾ, ಇವತ್ತಾದ್ರೂ ನನ್ನ ಗುರುತು ಹಿಡೀತಿಯೇನು?" ಎಂದ. ಬೀರಣ್ಣ ಅವನ ಅಂಗಿಯ ತುದಿ ಮುಟ್ಟಿ ನೋಡಿ, ದಿನಾ ಇದನ್ನೇ ಹಾಕಿಕೋ ಅಂದ. ಸಾಹೇಬರಿಗೆ ಏನೂ ತಿಳಿಯದೆ ಅವರೂ ನಕ್ಕರು. ಹೊಲದ ಒಪ್ಪಿಗೆ ಅಲ್ಲಿಗೆ ಮುಗಿಯಿತು.

ಕಟ್ಟಲು ಎರಡು ಮಳೆಗಾಲ ಹಿಡಿಯಿತು. ಅಷ್ಟೂ ದಿನ ಗುರುಲಿಂಗಮ್ಮ ಮೋಟಾರನ್ನು ಬಾಣಂತಿಯನ್ನು ಕಾಯುವ ಹಾಗೆ ಕಾದಳು. ಬಲ್ಬು ಕೆಂಪಗಾದ ಕೂಡಲೇ ಗಿರಣಿ ನಿಲ್ಲಿಸುವಳು, ಅರ್ಧ ಬೀಸಿದ ಜೋಳ ಎತ್ತಿಕೊಂಡು ಹೋಗುವವರ ಬೈಗಳು ತಿನ್ನುವಳು. ಕೊನೆಗೊಂದು ದಿನ ಲಾಡ್ಲೇಸಾಬ ಬಂದು, ಇವತ್ತು ಮಧ್ಯಾಹ್ನ ಲೈನಿಗೆ ಜೀವ ಬರುತ್ತದೆ ಎಂದು ಹೇಳಿ ಹೋದ.

ಮಧ್ಯಾಹ್ನದ ಹೊತ್ತಿಗೆ ಗಿರಣಿಯ ಮುಂದೆ ಬುಟ್ಟಿಗಳ ಸಾಲು ಬಾವಿಯ ತನಕ ಹೋಗಿತ್ತು. ಗುರುಲಿಂಗಮ್ಮ ಸ್ವಿಚ್ಚಿನ ಹತ್ತಿರ ನಿಂತಿದ್ದಳು. ಬಲ್ಬು ಹತ್ತಿತು. ಕೆಂಪಗಲ್ಲ, ಕಣ್ಣು ಕೋರೈಸುವಷ್ಟು ಬೆಳ್ಳಗೆ. ಅದೇ ಗಳಿಗೆಗೆ ಊರಿನ ಪಂಪುಗಳೆಲ್ಲ ಒಟ್ಟಿಗೆ ಹೂಂಕರಿಸಿದವು. ಅವಳು ಉಸಿರು ಬಿಗಿ ಹಿಡಿದು ಊರ ಮುಂದಿನ ಟಿಸಿಯ ಕಡೆ ಕಿವಿ ಕೊಟ್ಟಳು. ಈಗ ಅಲ್ಲಿ ಒಂದರ ಬದಲು ಎರಡು ಕೂಡಿಸಿದ್ದರು. ಬಲ್ಬು ಒಮ್ಮೆ ಕಣ್ಣು ಮಿಟುಕಿಸಿತು, ಮತ್ತೆ ಸ್ಥಿರವಾಯಿತು. ಢಂ ಅನ್ನಲಿಲ್ಲ. ಸಾಲಿನಲ್ಲಿದ್ದ ಹೆಂಗಸರೂ ಕಿವಿಗೆ ಇಟ್ಟುಕೊಂಡಿದ್ದ ಕೈ ನಿಧಾನ ತೆಗೆದರು.

ಅವಳು ಸ್ವಿಚ್ಚು ಒತ್ತಿದಳು. ರಿಪೇರಿಯವನು ಆಸೆ ಬಿಟ್ಟಿದ್ದ ಮೋಟಾರು ಒಂದಿಷ್ಟೂ ನರಳದೆ ತಿರುಗಿತು. ಮೊದಲ ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದಳು. ನುಣ್ಣಗೆ, ಬೆಚ್ಚಗೆ ಇತ್ತು. ಮುಂದಿನ ಬುಟ್ಟಿ ಸುರಿಯಿರಿ ಎಂದಳು, ಅದರ ಮುಂದಿನದು, ಅದರ ಮುಂದಿನದು. ಹೊತ್ತು ಇಳಿಯುವ ಹೊತ್ತಿಗೆ ಸಾಲು ಕರಗಿತ್ತು. ಬಾಗಿಲಾಚೆ ಹಣಕಿ, ಇನ್ನು ಯಾರದಾದರೂ ಇದೆಯೇ ಎಂದು ಕೂಗಿ ಕೇಳಿದಳು. ಯಾರೂ ಇರಲಿಲ್ಲ. ಗುರುಲಿಂಗಮ್ಮ ಗಿರಣಿ ನಿಲ್ಲಿಸಿದಳು. ಬಲ್ಬು ಇನ್ನೂ ಉರಿಯುತ್ತಿತ್ತು, ಊರಿನ ಜೋಳ ಮುಗಿದಿತ್ತು.